ಒಬ್ಬರಿಗೆ ಸಾಕಾಗುವ ದೋಣಿ

ಸುಮ್ಮನೆ ಒಂದು ಸಾಮಾನು ಕೊಂಡು, ಸುಮ್ಮನೆ ಮನೆಗೆ ತಂದು, ಸುಮ್ಮನೆ ಬಳಸುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ. ನಾನು ಕುಕ್ಕರ್ ಕೊಂಡರೆ ಅದರ ಸೀಟಿ ಹಾರಿ ಪಕ್ಕದ ಮನೆಯ ಅಂಗಳದಲ್ಲಿ ಬೀಳುತ್ತದೆ. ಛತ್ರಿ ಕೊಂಡರೆ ಅದು ಬಸ್ಸಿನ ಬಾಗಿಲಲ್ಲಿ ತಾನಾಗಿ ಬಿಚ್ಚಿಕೊಂಡು ಕಂಡಕ್ಟರನನ್ನು ಕೆಳಗಿಳಿಸುತ್ತದೆ. ಹೀಗಿರುವಾಗ ನಾನು ದೋಣಿ ಕೊಳ್ಳುವ ಯೋಚನೆಯನ್ನೇ ಮಾಡಬಾರದಿತ್ತು. ಮಾಡಿದೆ.

ಭಾನುವಾರದ ಆಸೆ

ನನ್ನ ತೌರು ಹಿಂದೂಪುರ. ನಮ್ಮದು ನೇಯ್ಗೆಯವರ ಮನೆ. ಅಪ್ಪ ಅಮ್ಮ ಹೋದ ಮೇಲೆ ಮಗ್ಗಗಳನ್ನು ತಮ್ಮ ನೋಡಿಕೊಳ್ಳುತ್ತಾನೆ. ನಾನು ಲ್ಯಾಬ್ ಟೆಕ್ನಿಷಿಯನ್ ಓದಿ, ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಕಲ್ಯಾಣದುರ್ಗದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿಗೆ ಬಂದು ನಿಂತೆ. ಮದುವೆ ಆಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನೋಡಲು ಬಂದವರು ನೋಡಿಕೊಂಡು ಹೋದರು, ಆಮೇಲೆ ಬರುವುದನ್ನೂ ನಿಲ್ಲಿಸಿದರು. ಈಗ ನಲವತ್ತು ದಾಟಿ ಸುಮಾರು ದೂರ ಬಂದಿದ್ದೇನೆ.

ವಾರದ ದಿನಗಳಲ್ಲಿ ಏನೂ ತೊಂದರೆಯಿಲ್ಲ. ಬೆಳಗಾದರೆ ಖಾಲಿ ಹೊಟ್ಟೆಯವರು ಸಾಲಾಗಿ ಬಂದು ಕೂತಿರುತ್ತಾರೆ. ಅವರ ತೋಳು, ನನ್ನ ಸೂಜಿ. ಇದರ ನಡುವೆ ಬೇಕಾದಷ್ಟು ಮಾತು. ಕಷ್ಟವೆಲ್ಲ ಭಾನುವಾರದ್ದು. ಲ್ಯಾಬು ಬೇಗ ಮುಚ್ಚುತ್ತದೆ. ಮನೆಗೆ ಬಂದು ಒಗೆದ ಬಟ್ಟೆಯನ್ನು ಮಡಿಸುತ್ತೇನೆ. ಒಬ್ಬಳ ಬಟ್ಟೆ ಎಷ್ಟಿರುತ್ತದೆ? ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದ ಭಾನುವಾರಗಳೂ ಇವೆ.

ಆ ವರ್ಷ ಕಾಲುವೆ ನೀರು ಬಂದು ಊರಾಚೆಯ ಕೆರೆ ತುಂಬಿತ್ತು. ಮಳೆಯೇ ಅಪರೂಪವಾದ ನಮ್ಮ ಅನಂತಪುರದ ಕಡೆಯವರಿಗೆ ತುಂಬಿದ ಕೆರೆ ಅಂದರೆ ಮದುವೆ ಮನೆ ಇದ್ದ ಹಾಗೆ. ಎಲ್ಲರೂ ಹೋಗಿ ಏರಿಯ ಮೇಲೆ ನಿಂತು ನೋಡಿ ಬರುತ್ತಾರೆ. ನಾನೂ ಹೋಗಿದ್ದೆ. ಮೀನಿನ ಕಾವಲಿನವನು ಥರ್ಮಾಕೋಲ್ ಹಲಗೆಯ ಮೇಲೆ ಕೂತು, ಕೈಯನ್ನೇ ಹುಟ್ಟು ಮಾಡಿಕೊಂಡು ನೀರಿನ ಮಧ್ಯಕ್ಕೆ ಹೋಗುತ್ತಿದ್ದ. ಅವನೂ ಒಬ್ಬನೇ. ಆದರೆ ನೀರಿನ ಮೇಲೆ ಒಬ್ಬನೇ ಇದ್ದವನನ್ನು ಯಾರೂ ಪಾಪ ಅನ್ನುತ್ತಿರಲಿಲ್ಲ. ಎಲ್ಲರೂ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಆವತ್ತೇ ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಗಾಳಿ ತುಂಬಿಸಿ ಬಳಸಿ, ಗಾಳಿ ಬಿಟ್ಟು ಮಡಿಸಿ, ಚೀಲದಲ್ಲಿ ಹಾಕಿ ಸ್ಕೂಟಿಯ ಮೇಲೆ ತರಬಹುದಾದ ಕಯಾಕ್ ಎಂಬ ಸಣ್ಣ ದೋಣಿ ಸಿಗುತ್ತದೆ ಎಂದು ಗೊತ್ತಾಯಿತು. ಈಜು ನನಗೆ ಬರುತ್ತದೆ. ಚಿಕ್ಕಂದಿನಲ್ಲಿ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಸಿ ಕಲಿಸಿದ್ದರು.

ಮಾರನೆಯ ದಿನ ಲ್ಯಾಬಿನಲ್ಲಿ ರಶೀದಿ ಬರೆಯುವ ಹುಡುಗಿಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಬೋಟಾ ಮೇಡಂ? ನಮ್ಮ ಜಿಲ್ಲೇಲಾ?"

"ಕೆರೆ ತುಂಬೈತಲ್ಲ."

"ಈ ವರ್ಷ ತುಂಬೈತೆ. ಮುಂದಿನ ವರ್ಷ ನೀರು ಬರ್ಲಿಲ್ಲ ಅಂದ್ರೆ ಅದನ್ನೇನ್ ಮಾಡ್ತೀರ?"

"ಮಾಳಿಗೆ ಮೇಲೆ ಬೋರಲು ಹಾಕಿ ಹಪ್ಪಳ ಒಣಗಿಸ್ತೀನಿ."

ಅವಳು ಗಂಭೀರವಾಗಿ ಯೋಚಿಸಿ ಹೇಳಿದಳು: "ಹಂಗಾದ್ರೆ ದೊಡ್ಡದೇ ತಗೊಳ್ಳಿ ಮೇಡಂ. ನಮ್ಮನೇದೂ ಒಣಗಿಸ್ಬೋದು."

ಎಪ್ಪತ್ತು ಕೆಜಿ

ಫೋನಿನಲ್ಲಿ ನೋಡಿದಷ್ಟೂ ತಲೆ ಕೆಟ್ಟಿತು. ಒಂದು ತೆಳ್ಳನೆಯದು, ಒಂದು ದಪ್ಪ ಬಟ್ಟೆಯದು. ಒಂದಕ್ಕೆ ಗಾಳಿಯ ಅರೆಗಳು, ಅಂದರೆ ಬೇರೆ ಬೇರೆ ಗಾಳಿಚೀಲಗಳು, ಎರಡು, ಇನ್ನೊಂದಕ್ಕೆ ಮೂರು. ಒಂದು ತೂತಾದರೂ ಉಳಿದವು ತೇಲಿಸುತ್ತವಂತೆ. ಕೆಳಗೆ ಮೀನಿನ ರೆಕ್ಕೆಯಂಥದ್ದು ಇದ್ದರೆ ದೋಣಿ ನೇರ ಹೋಗುತ್ತದಂತೆ, ಇಲ್ಲದಿದ್ದರೆ ಗುಂಡಗೆ ತಿರುಗುತ್ತದಂತೆ. ಇದನ್ನೆಲ್ಲ ಕೇಳೋಣ ಎಂದು ಮಾರುವವರಿಗೆ ಫೋನ್ ಮಾಡಿದೆ. ಒಬ್ಬ ಬಲು ಮರ್ಯಾದೆಯ ಯುವಕ ಸಿಕ್ಕಿದ.

"ಎಷ್ಟು ಜನ ಕೂರೋದು ಮೇಡಂ?"

"ಒಬ್ಬರು."

"ನಿಮ್ಮ ಮಿಸ್ಟರ್ ಬರಲ್ವಾ ಮೇಡಂ?"

"ಮಿಸ್ಟರ್ ಇಲ್ಲ."

ಆ ಕಡೆಯ ದನಿ ತಗ್ಗಿತು. "ಸಾರಿ ಮೇಡಂ. ಯಾವಾಗ ಹೋದ್ರು?"

"ಬರಲೇ ಇಲ್ಲ ಕಣಪ್ಪ, ಹೋಗೋದೆಲ್ಲಿಂದ?"

ಅವನು ಪಾಪ, ಸುಧಾರಿಸಿಕೊಳ್ಳಲು ನೋಡಿದ. ಎರಡು ಸೀಟಿನದೇ ಚೆನ್ನಾಗಿ ಹೋಗುತ್ತದೆ, ಸ್ನೇಹಿತರನ್ನು ಕೂರಿಸಬಹುದು ಎಂದ. ಸ್ನೇಹಿತರೆಲ್ಲ ಮೊಮ್ಮಕ್ಕಳಿಗೆ ಮುದ್ದೆ ನುಂಗುವುದು ಕಲಿಸುತ್ತಿದ್ದಾರೆ ಎಂದೆ. ನಾಯಿ ಇದ್ದರೆ ಕೂರಿಸಬಹುದು ಎಂದ. ನಾಯಿ ಇಲ್ಲ ಎಂದೆ. ಲಗೇಜ್ ಇಡಬಹುದು ಎಂದ. ಕೆರೆಯ ಮಧ್ಯಕ್ಕೆ ನಾನು ಯಾವ ಲಗೇಜ್ ಒಯ್ಯಲಿ?

"ಇರಲಿ ಮೇಡಂ, ಮುಂದೆ ಬೇಕಾಗ್ಬೋದು. ಯಾವ ಮಾಡೆಲ್ ತಡೆಯುತ್ತೆ ಅಂತ ನೋಡ್ಬೇಕು. ನಿಮ್ಮ ತೂಕ ಹೇಳಿ."

ಹೇಳಿದೆ. ಸ್ವಲ್ಪ ಕಮ್ಮಿ ಮಾಡಿಯೇ ಹೇಳಿದೆ.

"ಎರಡನೆಯವರ ತೂಕ?"

ಇಲ್ಲ ಅನ್ನಬೇಕಿತ್ತು. ಆದರೆ ಅಷ್ಟು ಹೊತ್ತಿಗೆ ಇಲ್ಲ, ಇಲ್ಲ ಅಂದು ಅಂದು ನನಗೇ ಬೇಜಾರಾಗಿತ್ತು. "ಅರವತ್ತು" ಎಂದುಬಿಟ್ಟೆ. ಅವನು ಬರೆದುಕೊಂಡ. ನನಗೆ ಸಮಾಧಾನವಾಗಲಿಲ್ಲ. ಅರವತ್ತು ಅಂದರೆ ತೀರಾ ಸಣಕಲು. ಜೋರು ಗಾಳಿಗೆ ನಿಲ್ಲುವುದಿಲ್ಲ.

"ಒಂದ್ನಿಮಿಷ, ಎಪ್ಪತ್ತು ಮಾಡ್ಕೊಳ್ಳಿ" ಎಂದೆ.

"ಆಯ್ತು ಮೇಡಂ, ವಿವರ ಮೆಸೇಜ್ ಮಾಡ್ತೀನಿ" ಎಂದು ಅವನು ಫೋನ್ ಇಟ್ಟ. ಸಂಜೆ ಅಡುಗೆಗೆ ನಿಂತಾಗ ಗೊತ್ತಿಲ್ಲದೆ ಅಕ್ಕಿಗೆ ಇನ್ನೊಂದು ಹಿಡಿ ಹಾಕಿದ್ದೆ. ಎಪ್ಪತ್ತು ಕೆಜಿಯ ಆಸಾಮಿ ಬರಲಿಲ್ಲ. ಮರುದಿನ ಬೆಳಿಗ್ಗೆ ಅವನ ಪಾಲಿನದನ್ನು ಚಿತ್ರಾನ್ನ ಮಾಡಿಕೊಂಡು ನಾನೇ ತಿಂದೆ.

ಕೂತು ನೋಡಿ

ಆ ಶನಿವಾರ ತಮ್ಮನ ಮನೆಗೆಂದು ಹಿಂದೂಪುರಕ್ಕೆ ಹೋದೆ. ರೊದ್ದಂ ಕಳೆದು ಪೆನುಕೊಂಡದಲ್ಲಿ ಬಸ್ ಬದಲಾಯಿಸುವಾಗಲೂ ಯೋಚನೆ ಅದೇ. ಫೋಟೋ ನೋಡಿ ಸೀರೆಯನ್ನೇ ಕೊಳ್ಳದ ನೇಯ್ಗೆಯವರ ಮನೆಯವಳು, ಫೋಟೋ ನೋಡಿ ದೋಣಿ ಕೊಳ್ಳುವುದೇ? ಒಮ್ಮೆ ಆ ಬಟ್ಟೆಯನ್ನು ಕೈಯಲ್ಲಿ ಮುಟ್ಟಿ ನೋಡಬೇಕು. ಹಿಂದೂಪುರದ ಬಸ್ ಸ್ಟ್ಯಾಂಡಿನ ಹತ್ತಿರ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯೊಂದಿದೆ. ಕೊಡದಿಂದ ಹಿಡಿದು ಕ್ರಿಕೆಟ್ ಬ್ಯಾಟಿನವರೆಗೆ ಎಲ್ಲ ಅಲ್ಲಿ ನೇತಾಡುತ್ತದೆ.

"ಗಾಳಿ ತುಂಬೋ ಸಾಮಾನು ಐತೇನಪ್ಪ?"

"ಐತೆ ಕಣಮ್ಮ" ಎಂದು ಅಂಗಡಿಯವನು ಒಂದು ದಿಂಬು ತೆಗೆದ. ಅಲ್ಲ ಎಂದೆ. ಹಾಸಿಗೆ ಹಿಡಿದವರಿಗೆ ಹಾಸುವ ಗಾಳಿ ಹಾಸಿಗೆ ತೆಗೆದ. "ಯಾರಿಗೆ ಉಷಾರಿಲ್ಲ?" ಎಂದೂ ವಿಚಾರಿಸಿದ. ಯಾರಿಗೂ ಇಲ್ಲ, ದೋಣಿ ಬೇಕು ಎಂದೆ.

"ದೋಣೀನಾ? ಯಾವೂರಿಗೆ?"

"ಕಲ್ಯಾಣದುರ್ಗಕ್ಕೆ."

ಅವನು ಕೌಂಟರ್ ಮೇಲೆ ಕೈಯೂರಿ, ನಗು ಮುಗಿಸಿ, ಕಣ್ಣೊರೆಸಿಕೊಂಡು ಒಳಗೆ ಹೋದ. ಮಕ್ಕಳು ನೀರಾಡುವ ಗಾಳಿ ತೊಟ್ಟಿಯೊಂದನ್ನು ತಂದು ಪಂಪು ಹಾಕಿ ಉಬ್ಬಿಸಿದ. ಅದರ ಮೇಲೆ ಬಾತುಕೋಳಿಗಳ ಚಿತ್ರ.

"ಮೆಟೀರಿಯಲ್ ಇದೇ ಕಣಮ್ಮ. ದೋಣಿಗೂ ಇದೇ ಹಾಕೋದು. ಕೂತು ನೋಡಿ, ಗೊತ್ತಾಯ್ತದೆ."

ಅದೇ ಅಲ್ಲ ಎಂದು ಮುಟ್ಟಿದ ಕೂಡಲೇ ಗೊತ್ತಾಯಿತು. ಬಲೂನಿಗಿಂತ ಒಂದು ಚೂರು ದಪ್ಪ, ಅಷ್ಟೆ. ಆದರೂ ಕಾಲು ಚಾಚಿ ಕೂತರೆ ಹೇಗಿರುತ್ತದೆ ಎಂಬ ಆಸೆಯಾಯಿತು. ಚಪ್ಪಲಿ ಬಿಟ್ಟು, ಸೀರೆ ಒತ್ತಿ ಹಿಡಿದು ಕೂತೆ. ಕೂತದ್ದೇ ತಡ, ತೊಟ್ಟಿ ನನ್ನ ಸುತ್ತ ಮೇಲೆದ್ದು ಸೊಂಟವನ್ನು ಹಿಡಿದುಕೊಂಡಿತು. ಏಳಲು ಹೋದರೆ ತೊಟ್ಟಿಯೂ ಜೊತೆಗೆ ಏಳುತ್ತದೆ. ಊರಿಕೊಳ್ಳಲು ಕೈಗೆ ಏನೂ ಸಿಗದು. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡ ಒಬ್ಬಾಕೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದೇ ತೊಟ್ಟಿ ಬೇಕು, ಆದ್ರೆ ಆಯಮ್ಮ ಕೂತಿರೋದು ಬ್ಯಾಡ, ಹೊಸದು ಕೊಡು" ಎಂದಳು.

ಅಂಗಡಿಯವನು ನನ್ನನ್ನು ಎಬ್ಬಿಸುವುದು ಬಿಟ್ಟು ಆಕೆಯ ಕಡೆ ತಿರುಗಿದ. "ಗಟ್ಟಿ ಐತಾ ಅಂತ ಕೇಳಲೇಬ್ಯಾಡಿ ಕಣಮ್ಮ. ಇವರನ್ನೇ ತಡೆದೈತೆ, ನಿಮ್ಮ ಮಗು ಯಾವ ಲೆಕ್ಕ?"

ಆಕೆ ಕೊಂಡಳು. ಇನ್ನಿಬ್ಬರೂ ಕೊಂಡರು, ಆಮೇಲೆ ಎಲ್ಲರೂ ಸೇರಿ ನನ್ನನ್ನು ಎಳೆದು ಎಬ್ಬಿಸಿದರು. ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ಅವನು ಅವತ್ತೇ ಅಂಗಡಿ ಖಾಲಿ ಮಾಡುತ್ತಿದ್ದ.

ಮಗ್ಗ ನಿಂತ ಮಧ್ಯಾಹ್ನ

ತಮ್ಮನ ಮನೆಯಲ್ಲಿ ಮುಂದೆ ಮನೆ, ಹಿಂದೆ ಪವರ್‌ಲೂಮ್ ಷೆಡ್ಡು. ಬೆಳಗಿಂದ ಸಂಜೆವರೆಗೆ ಟಕಟಕ ಸದ್ದು. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಗುಟ್ಟು ಅನ್ನುವುದು ಆ ಮನೆಯಲ್ಲಿ ಯಾವತ್ತೂ ಉಳಿದಿಲ್ಲ.

ನಾನು ಕೈಕಾಲು ತೊಳೆಯಲು ಹೋಗಿದ್ದೆ. ಫೋನು ಮೇಜಿನ ಮೇಲಿತ್ತು. ಆಗಲೇ ಆ ಮರ್ಯಾದೆಯ ಯುವಕನ ಮೆಸೇಜ್ ಬಂದು ಪರದೆ ಬೆಳಗಿತು. ಫೋನಿನ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದ ತಮ್ಮನ ಹೆಂಡತಿ ಅದನ್ನು ಓದಿದಳು: "ಮೇಡಂ, ನಿಮ್ಮಿಬ್ಬರಿಗೂ ಆರಾಮಾಗಿ ಸರಿಹೋಗುತ್ತೆ. ತಡ ಮಾಡಬೇಡಿ, ಈ ವಾರವೇ ನಿರ್ಧಾರ ಮಾಡಿ."

ನಾನು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದಾಗ ಏನೋ ಬದಲಾಗಿತ್ತು. ಏನು ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಮಗ್ಗಗಳು ನಿಂತಿದ್ದವು. ಕರೆಂಟು ಹೋಗದೆ ನಮ್ಮ ಮನೆಯ ಮಗ್ಗ ನಿಂತದ್ದು ಅಪ್ಪ, ಅಮ್ಮ ತೀರಿಕೊಂಡ ದಿನಗಳಲ್ಲಿ ಮಾತ್ರ.

ತಮ್ಮ ಕುರ್ಚಿ ಎಳೆದು ಕೂತ. ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕ್ರೇ, ಏನಾಯ್ತು?" ಎಂದೆ.

"ಅಕ್ಕ, ನಾವೇನು ಹೊರಗಿನೋರಾ?" ಎಂದ ತಮ್ಮ. ಇನ್ನೂ ಮಗ್ಗ ಓಡುತ್ತಿದೆ ಎಂಬಂತೆ ಕೂಗಿಯೇ ಹೇಳಿದ. "ನಮ್ಗೆ ಒಂದು ಮಾತು ಹೇಳ್ಬಾರ್ದಾ? ಯಾರಕ್ಕ ಆಯಪ್ಪ?"

ನನಗೆ ನಗು ಬಂತು. ಅದು ದೋಣಿ ಕಣೋ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ನೀವು ಆ ಊರಲ್ಲಿ ಒಬ್ರೇ ಇರೋದನ್ನ ನೆನೆಸ್ಕಂಡು ನಾನು ಎಷ್ಟು ಸಲ ಅತ್ತಿದ್ದೀನಿ ಗೊತ್ತಾ ಅಕ್ಕ? ಜಾತಿ ಗೀತಿ ಏನಾರ ಇರ್ಲಿ. ಒಳ್ಳೇರಾ?"

ನನಗಾಗಿ ಒಬ್ಬರು ಅತ್ತಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಬಂದಾಗಲೆಲ್ಲ ಇಬ್ಬರೂ ಊಟಕ್ಕೆ ಬಡಿಸಿ, ಸದ್ದಿನ ನಡುವೆ ಎರಡು ಮಾತು ಕೂಗಿ, ಬಸ್ಸಿಗೆ ಕಳಿಸುತ್ತಿದ್ದರು ಅಷ್ಟೆ. ತೆರೆದ ಬಾಯಿ ಹಾಗೇ ಮುಚ್ಚಿತು. "ಒಳ್ಳೇರು" ಎಂದೆ.

"ಕೆಲ್ಸ ಏನು?"

"ಇನ್ನೂ ಸರಿಯಾಗಿ ಗೊತ್ತಿಲ್ಲ."

"ಕುಡೀತಾರಾ?"

"ಇಲ್ಲ. ಖಂಡಿತ ಇಲ್ಲ."

"ಮತ್ತೆ ಏನ್ ಗೊತ್ತು ಆಯಪ್ಪನ ವಿಚಾರ?"

ನಿಜವಾಗಿ ಗೊತ್ತಿದ್ದದ್ದು ಒಂದೇ. "ಎಪ್ಪತ್ತು ಕೆಜಿ ಇದ್ದಾರೆ" ಎಂದೆ.

ಗಂಡ ಹೆಂಡತಿ ಮುಖ ನೋಡಿಕೊಂಡರು. "ರಕ್ತ ಕೊಡಕ್ಕೆ ಬಂದಾಗ ನೋಡಿರ್ತಾಳೆ" ಎಂದು ತಮ್ಮ ಹೆಂಡತಿಗೆ ವಿವರಿಸಿದ. ಅವಳು ಎದ್ದು ಅಡುಗೆಮನೆಗೆ ಓಡಿ ಬೇಳೆ ಬೇಯಲು ಇಟ್ಟಳು. ಒಬ್ಬಟ್ಟಾಯಿತು. ಹಬ್ಬವಿಲ್ಲದ ದಿನ, ಸದ್ದಿಲ್ಲದ ಮನೆಯಲ್ಲಿ ಮೂವರೂ ಮೆಲ್ಲಗೆ ಮಾತಾಡುತ್ತಾ ಉಂಡೆವು. ನಾನು ಏನು ಅಡುಗೆ ಮಾಡಿಕೊಳ್ಳುತ್ತೇನೆ, ಮನೆಗೆ ಬಿಸಿಲು ಬರುತ್ತದಾ, ಜ್ವರ ಬಂದರೆ ಏನು ಮಾಡುತ್ತೇನೆ ಎಂದೆಲ್ಲ ಕೇಳಿದರು. ತುಪ್ಪ ಸುರಿದ ನಾಲ್ಕನೇ ಒಬ್ಬಟ್ಟು ಮುಗಿಸಿದ ಮೇಲೆ ಇನ್ನು ತಡೆದರೆ ಆ ಆಯಪ್ಪನಿಗೆ ಉಂಗುರ ಮಾಡಿಸಿಬಿಡುತ್ತಾರೆ ಎಂದು ಹೆದರಿ ಎಲ್ಲ ಹೇಳಿದೆ.

ತಮ್ಮ ಕೈಯಲ್ಲಿದ್ದ ಒಬ್ಬಟ್ಟಿನ ತುಂಡನ್ನು ಎಲೆಗೆ ಹಾಕಿದ. "ಹಂಗಾರೆ ಯಾರೂ ಇಲ್ವಾ?"

"ದೋಣಿ ಐತೆ. ಅಂದ್ರೆ, ಇನ್ನೂ ತಗೊಂಡಿಲ್ಲ."

ಅವನು ಎದ್ದು ಕೈ ತೊಳೆದು ಷೆಡ್ಡಿಗೆ ಹೋದ. ಒಂದೊಂದಾಗಿ ಮಗ್ಗಗಳು ಟಕಟಕ ಶುರುವಾದವು. ಅವನ ಹೆಂಡತಿ ಉಳಿದ ಒಬ್ಬಟ್ಟನ್ನು ನನ್ನ ಡಬ್ಬಿಗೆ ತುಂಬುತ್ತಾ, ಸದ್ದಿನ ಮೇಲೆ ಕೂಗಿದಳು: "ಮೊದ್ಲೇ ಹೇಳ್ಬಾರ್ದಾಗಿತ್ತಾ ಅಕ್ಕ! ದೋಣಿ ಅಂದಿದ್ರೆ ಉಪ್ಪಿಟ್ಟಲ್ಲೇ ಮುಗಿಸ್ತಿದ್ದೆ!"

ಹಾಲ್‌ನಲ್ಲಿ ಪ್ರಯಾಣ

ವಾಪಸ್ ಬಸ್ಸಿನಲ್ಲೇ ಆ ಯುವಕನಿಗೆ ಫೋನ್ ಮಾಡಿ ಹೇಳಿದೆ. ಒಂದು ಸೀಟಿನದು. ಗಟ್ಟಿ ಬಟ್ಟೆಯದು, ಮೂರು ಗಾಳಿ ಅರೆಯದು, ಕೆಳಗೆ ರೆಕ್ಕೆ ಇರುವಂಥದ್ದು, ಜೊತೆಗೆ ಕಾಲಿನಲ್ಲಿ ಒತ್ತುವ ಪಂಪು, ಎರಡೂ ತುದಿಗೆ ಎಲೆಯಂಥ ಹಲಗೆಯಿರುವ ಹುಟ್ಟು, ಲೈಫ್ ಜಾಕೆಟ್ಟು. "ಒಬ್ಬರೇ ಹೋಗೋದಾದ್ರೆ ನಿಜವಾಗ್ಲೂ ಇದೇ ಒಳ್ಳೇದು ಮೇಡಂ" ಎಂದು ಅವನು ಈಗ ಒಪ್ಪಿಕೊಂಡ. "ಹಗುರ ಇರುತ್ತೆ. ಎರಡು ಸೀಟಿನದರಲ್ಲಿ ಒಬ್ಬರೇ ಕೂತ್ರೆ ಮುಂದಿನ ಮೂತಿ ಮೇಲೆದ್ದು, ಗಾಳಿ ಎಲ್ಲಿ ತಳ್ಳಿದ್ರೆ ಅಲ್ಲಿಗೆ ಹೋಗುತ್ತೆ." ಇದನ್ನು ಮೊದಲೇ ಹೇಳಿದ್ದರೆ ಆ ಎಪ್ಪತ್ತು ಕೆಜಿಯವನು ಹುಟ್ಟುತ್ತಲೇ ಇರಲಿಲ್ಲ.

ಪಾರ್ಸಲ್ ಬಂದ ದಿನ ಕೆಳಗಿನ ಮನೆಯ ಓನರಮ್ಮ ಮೆಟ್ಟಿಲ ಮೇಲೇ ಕೂತು ಕಾವಲು ಕಾದಿದ್ದರು. ಓನರಮ್ಮ ವಯಸ್ಸಾದ ಗಟ್ಟಿಗಿತ್ತಿ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ. ನಾನು ಅವರನ್ನು ಆಂಟಿ ಅನ್ನುತ್ತೇನೆ.

ಬಿಚ್ಚಿ ಒಮ್ಮೆ ಗಾಳಿ ತುಂಬಿಸಿ ನೋಡಿ, ಒಂದು ದಿನ ಹಾಗೇ ಇಟ್ಟು, ಎಲ್ಲೂ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನೀರಿಗಿಳಿಸಿ ಎಂದು ಪೆಟ್ಟಿಗೆಯ ಕಾಗದದಲ್ಲಿತ್ತು. ಹಾಲ್‌ನಲ್ಲಿ ಹಾಸಿ ಪಂಪು ಒತ್ತಿದೆ. ಮೊದಲು ಹಪ್ಪಳದ ಹಾಗೆ ಬಿದ್ದಿದ್ದದ್ದು ಬದಿಗಳನ್ನು ಎತ್ತಿತು, ಆಮೇಲೆ ಬೆನ್ನು ಸೆಟೆಸಿತು, ಕೊನೆಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಮಲಗಿ ಕಲ್ಲಿನಂತೆ ಗಟ್ಟಿಯಾಯಿತು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ನಾನು ಅಡುಗೆಮನೆಗೆ ಹೋಗಲು ಅದನ್ನು ದಾಟಬೇಕು. ದಾಟಲು ಅದರೊಳಗೆ ಇಳಿದು ಹತ್ತಬೇಕು. ಮಂಚದ ಮೇಲೆ ನನ್ನ ಜಾಗ ಬಿಟ್ಟರೆ ಕೂರಲು ಉಳಿದದ್ದು ಅದೊಂದೇ. ಸರಿ, ತಟ್ಟೆಗೆ ಅನ್ನ ಹಾಕಿಕೊಂಡು ದೋಣಿಯಲ್ಲೇ ಕಾಲು ಚಾಚಿ ಕೂತು ಟಿವಿ ನೋಡುತ್ತಾ ಉಂಡೆ. ಬಹಳ ದಿನಗಳ ಮೇಲೆ ಮನೆಯಲ್ಲಿ ಕೂರಲು ಜಾಗ ಕಮ್ಮಿಯಾಗಿತ್ತು. ಖುಷಿಯಾಯಿತು.

ಓನರಮ್ಮ ಬಟ್ಟಲಲ್ಲಿ ಹುಳಿ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತರು. ನಾನು ಲೈಫ್ ಜಾಕೆಟ್ಟನ್ನೂ ಹಾಕಿಕೊಂಡಿದ್ದೆ. ಅಳತೆ ಸರಿಯಿದೆಯಾ ಎಂದು ನೋಡಲು.

"ಏಮ್ಮಾ, ಎಕ್ಕಡಿಕಿ ಪ್ರಯಾಣಂ?" ಎಂದರು ಶಾಂತವಾಗಿ.

"ಇಲ್ಲೇ ಆಂಟಿ, ಹಿಂದೂಪುರಕ್ಕೆ."

"ಈಗ ಯಾವೂರು ಬಂತು?"

"ರೊದ್ದಂ."

"ಹಂಗಾರೆ ನಿಧಾನಕ್ಕೆ ಉಣ್ಣು ತಾಯಿ" ಎಂದು ಹುಳಿ ಬಡಿಸಿದರು. "ಪೆನುಕೊಂಡ ಬಂದ್ರೆ ಗುಡ್ಡ ಐತೆ, ಹುಳಿ ಚೆಲ್ಲೋಯ್ತದೆ."

ಕೆರೆಯಲ್ಲಿ ಹುಡುಕಾಟ

ಮುಂದಿನ ಭಾನುವಾರ ಲ್ಯಾಬಿಗೆ ರಜೆ ಹಾಕಿ, ಬೆಳಗಿನ ಹೊತ್ತಿಗೇ ಕೆರೆಗೆ ಹೋದೆ. ಮೀನಿನ ಕಾವಲಿನವನನ್ನು ಹಿಂದಿನ ದಿನವೇ ಕೇಳಿದ್ದೆ. "ಬಲೆ ಇರೋ ಕಡೆ ಬರ್ಬ್ಯಾಡಿ ಮೇಡಂ, ಉಳಿದಿದ್ದೆಲ್ಲ ನಿಮ್ದೇ" ಎಂದಿದ್ದ. ಅವತ್ತು ಅವನು ಮೀನು ಮಾರಲು ಪೇಟೆಗೆ ಹೋಗಿದ್ದ. ಏರಿಯ ಕೆಳಗೆ ಸ್ಕೂಟಿ ನಿಲ್ಲಿಸಿ, ದೋಣಿಗೆ ಗಾಳಿ ತುಂಬಿಸಿ, ಚಪ್ಪಲಿಯನ್ನು ದಡದಲ್ಲಿ ಜೋಡಿಸಿಟ್ಟೆ. ಕೈಚೀಲವನ್ನು ಚಪ್ಪಲಿಯ ಪಕ್ಕ ಇಟ್ಟು ಮೇಲೊಂದು ಕಲ್ಲು ಹೇರಿದೆ. ಬಿಸಿಲಿಗೆಂದು ದುಪಟ್ಟಾದಿಂದ ಮುಖ ಸುತ್ತಿ, ಕಪ್ಪು ಕನ್ನಡಕ ಏರಿಸಿ, ಟೋಪಿ ಹಾಕಿ, ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ನೀರಿಗಿಳಿದೆ.

ಅದನ್ನು ಹೇಗೆ ಹೇಳಲಿ? ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಟ್ಟು ಹಾಕಿದರೆ ದೋಣಿ ಹೇಳಿದಂತೆ ಕೇಳಿತು. ದಡದ ಸದ್ದುಗಳೆಲ್ಲ ಒಂದೊಂದಾಗಿ ಹಿಂದೆ ಉಳಿದವು. ಮೊದಲು ಬಸ್ಸಿನ ಹಾರ್ನು, ಆಮೇಲೆ ನಾಯಿ, ಆಮೇಲೆ ಯಾರದೋ ಮನೆಯ ರೇಡಿಯೋ. ಕೊನೆಗೆ ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಮನೆಯಲ್ಲಿ ಒಬ್ಬಳೇ ಇದ್ದಾಗ ಯಾರಾದರೂ ಬರಬಾರದೇ ಅನ್ನಿಸುತ್ತದೆ. ಇಲ್ಲಿ ಹಾಗೆ ಅನ್ನಿಸಲಿಲ್ಲ. ಸುಮ್ಮನೆ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಸಣ್ಣ ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಗಿ ಜಾಲಿ ಮರಗಳ ಆಚೆ, ಕೆರೆಯ ತಿರುವಿನಲ್ಲಿ ಬಿಟ್ಟಿತು. ಅಲ್ಲಿ ಬೆಳ್ಳಕ್ಕಿಗಳಿದ್ದವು. ಅವುಗಳ ಜೊತೆ ಎಷ್ಟು ಹೊತ್ತು ಕಳೆದೆನೋ ಗೊತ್ತಿಲ್ಲ.

ವಾಪಸ್ ಬರುವಾಗ ತಿರುವು ದಾಟಿದರೆ ಏರಿಯ ಮೇಲೆ ಜನವೋ ಜನ. ಆಟೋಗಳು, ಬೈಕುಗಳು, ಒಂದು ಟ್ರ್ಯಾಕ್ಟರು. ಏನು ವಿಶೇಷ ಎಂದು ಬೇಗ ಬೇಗ ಹುಟ್ಟು ಹಾಕಿದೆ. ನನ್ನನ್ನು ನೋಡಿದ್ದೇ ಜನರಲ್ಲಿ ಗದ್ದಲವೆದ್ದಿತು.

"ಬಂದ್ರು! ಬಂದ್ಬುಟ್ರು! ಅನಂತಪುರದಿಂದ ಟೀಮ್ ಬಂದ್ಬುಡ್ತು!"

"ಪರವಾಗಿಲ್ಲ ಕಣ್ಲಾ, ಈಗ ಫೋನ್ ಮಾಡಿದ್ರೆ ಈಗ ಕಳಿಸಿಬುಟ್ಟವ್ರೆ!"

ಮಾತು ಕೇಳುವಷ್ಟು ಹತ್ತಿರ ಬಂದು, "ಏನಾಯ್ತು?" ಎಂದು ಕೂಗಿದೆ.

ಹೆಗಲ ಮೇಲೆ ಕಂಬಳಿ ಹಾಕಿದ ಕುರಿಯವನೊಬ್ಬ ಮುಂದೆ ಬಂದ. "ಬೆಳಿಗ್ಗೆ ಒಬ್ಬಮ್ಮ ಬಿದ್ದುಬುಟ್ಟವ್ಳೆ ಮೇಡಂ. ನಾನೇ ಮೊದ್ಲು ನೋಡಿದ್ದು. ಚಪ್ಲಿ ಐತೆ, ಚೀಲ ಐತೆ, ಆಯಮ್ಮ ಇಲ್ಲ."

ನಾನು ಹುಟ್ಟನ್ನು ನೀರಿನಿಂದ ಎತ್ತಿಬಿಟ್ಟೆ. ಇಷ್ಟು ಹೊತ್ತು ನಾನು ಇದೇ ನೀರಿನ ಮೇಲೆ ಆರಾಮಾಗಿ ತೇಲುತ್ತಿದ್ದೆನಲ್ಲ! "ಯಾರು, ಗೊತ್ತಾಯ್ತಾ?"

"ಲ್ಯಾಬ್ ಮೇಡಂ" ಎಂದ ಆಟೋದವನೊಬ್ಬ. "ಸ್ಕೂಟಿ ಅವರ್ದೇ. ದಿನಾ ನೋಡ್ತೀನಿ."

ನಾನು ಹುಟ್ಟನ್ನು ಎತ್ತಿದವಳು ಎತ್ತಿದ ಹಾಗೇ ಕೂತೆ. ನಾನೇ ಕಣಪ್ಪ ಅನ್ನುವುದು ಎಷ್ಟೊತ್ತಿನ ಕೆಲಸ? ಆದರೆ ಮಾತು ಬರುವ ಮೊದಲೇ ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ಶುರು ಮಾಡಿದ್ದಳು.

"ಚಿನ್ನದಂಥಾ ಹೆಂಗ್ಸು. ಸೂಜಿ ಚುಚ್ಚಿದ್ರೆ ಇರುವೆ ಕಚ್ಚಿದಂಗೂ ಆಗ್ತಿರ್ಲಿಲ್ಲ."

"ನಮ್ಮ ಪಾಪೂನ ಹೆಸರು ಹಿಡಿದು ಮಾತಾಡ್ಸೋರು."

"ಪಾಪ, ಒಬ್ಳೇ ಇದ್ಲು. ಯಾರಿಗೂ ಏನೂ ಹೇಳ್ಕಂತಿರ್ಲಿಲ್ಲ."

"ನಾವಾದ್ರೂ ಒಂದಿನ ಮನೇಗೆ ಕರೀಬೇಕಾಗಿತ್ತು" ಎಂದಳು ಸೊಪ್ಪಿನವಳು. ನಾಲ್ಕೈದು ಜನ ತಲೆ ತಗ್ಗಿಸಿದರು. ಕಪ್ಪು ಕನ್ನಡಕದ ಒಳಗೆ ನನ್ನ ಕಣ್ಣು ತುಂಬಿತು.

ಹಿಂದಿನಿಂದ ಯಾರೋ, "ಲವ್ ಫೇಲ್ಯೂರ್ ಅಂತೆ" ಎಂದರು.

"ಆ ವಯಸ್ಸಲ್ಲಾ?" ಎಂದ ಆಟೋದವನು. ಅಲ್ಲಿಗೆ ನನ್ನ ಕಣ್ಣೀರು ನಿಂತಿತು.

ಕುರಿಯವನಿಗೆ ನನ್ನ ಕೆಲಸ ಸಮಾಧಾನ ತರಲಿಲ್ಲ. "ಹಂಗೇ ಕೂತ್ರೆ ಹೆಂಗೆ ಮೇಡಂ? ಆ ಕಡೆ ತೂಬಿನ ಹತ್ರ ಹುಡುಕಿ. ಆಳ ಅಲ್ಲೇ." ಅಷ್ಟು ಜನ ಒಟ್ಟಿಗೆ ಕೈ ತೋರಿಸಿದಾಗ ನನಗೆ ಏನು ಮಾಡಬೇಕೋ ತೋಚಲಿಲ್ಲ. ಹೋಗಿ ಹುಟ್ಟನ್ನು ನೀರಿನಲ್ಲಿ ಇಳಿಬಿಟ್ಟು ಆಡಿಸಿದೆ.

"ಏನಾರ ತಗುಲ್ತಾ?"

"ಇಲ್ಲ!"

"ಇನ್ನೊಂಚೂರು ಎಡಕ್ಕೆ!"

ಹೀಗೆ ನನ್ನನ್ನು ನಾನೇ ಕೆರೆಯಲ್ಲಿ ಹುಡುಕುತ್ತಿದ್ದಾಗ ಏರಿಯ ಮೇಲೆ ಇನ್ನೊಂದು ಆಟೋ ಬಂದು ನಿಂತಿತು. ಓನರಮ್ಮ ಇಳಿದರು. ಚಪ್ಪಲಿ ಹಾಕಿರಲಿಲ್ಲ. ಜನ ಅವರನ್ನು ಹಿಡಿದುಕೊಂಡರು. ಅಳುವಿನಲ್ಲಿ ಅವರಿಗೆ ದೋಣಿಯೂ ಕಾಣಲಿಲ್ಲ, ಜಾಕೆಟ್ಟೂ ಕಾಣಲಿಲ್ಲ. "ನಾ ತಲ್ಲೀ, ನನ್ನ ತಾಯೀ!" ಎಂದು ಅವರು ಕೂಗಿದ್ದು ಆ ದಡದ ಬೆಳ್ಳಕ್ಕಿಗಳನ್ನೂ ಎಬ್ಬಿಸಿತು. "ನಿನ್ನೆ ನೀರು ಜಾಸ್ತಿ ಖರ್ಚು ಮಾಡ್ತೀಯ ಅಂತ ಬೈದೆನಲ್ಲೇ! ಕೆರೇನೇ ಬೇಕಾಯ್ತಾ ನಿನಗೆ?"

ಇನ್ನು ತಡೆಯಲಾಗಲಿಲ್ಲ. ದಡದ ಕಡೆ ಬೇಗ ಹುಟ್ಟು ಹಾಕಿ, ಕನ್ನಡಕ ತೆಗೆದು, ದುಪಟ್ಟಾ ಬಿಚ್ಚಿ, "ಆಂಟಿ, ನಾನಿಲ್ಲೇ ಇದ್ದೀನಿ!" ಎಂದೆ.

ಓನರಮ್ಮ ಸೀರೆ ನೆನೆಯುವುದನ್ನೂ ನೋಡದೆ ಮೊಣಕಾಲುದ್ದದ ನೀರಿಗೆ ಬಂದು, ಮೊದಲು ನನ್ನ ಬೆನ್ನಿಗೊಂದು ಗುದ್ದಿದರು. ಆಮೇಲೆ ತಬ್ಬಿಕೊಂಡರು. ಜಾಕೆಟ್ಟು ಮಧ್ಯೆ ಅಡ್ಡ ಬಂದು ಕೈ ಸಾಲದೆ, ಅದಕ್ಕೂ ಒಂದು ಗುದ್ದಿದರು. ನಾನು ಅತ್ತೆ. ಅವರೂ ಅತ್ತರು. ಸೊಪ್ಪಿನವಳು ಅಳುತ್ತಾ ಒಂದು ಕಟ್ಟು ಮೆಂತ್ಯ ಸೊಪ್ಪನ್ನು ನನ್ನ ಮಡಿಲಿಗೆ ಹಾಕಿದಳು. ಕುರಿಯವನು ಮಾತ್ರ ಮೋಸವಾದವನಂತೆ ನಿಂತಿದ್ದ. "ಬದುಕಿದ್ದೀನಿ ಅಂತ ಮೊದ್ಲೇ ಹೇಳ್ಬಾರ್ದಾ? ನಾನು ಕುರಿ ಬಿಟ್ಟು ಬಂದಿದ್ದೀನಿ" ಎಂದು ಗೊಣಗಿಕೊಂಡು ಹೋದ.

ಜನ ಒಬ್ಬೊಬ್ಬರೇ ಕರಗತೊಡಗಿದರು. ನಾನು ದೋಣಿಯನ್ನು ದಡಕ್ಕೆಳೆದು ಗಾಳಿ ಬಿಡಲು ಬಗ್ಗಿದೆ. ಆಗ ಇಷ್ಟು ಹೊತ್ತೂ ಅಲ್ಲೇ ನಿಂತಿದ್ದ ಮುದುಕರೊಬ್ಬರು ಸೈಕಲ್ ತಳ್ಳಿಕೊಂಡು ನನ್ನ ಹತ್ತಿರ ಬಂದರು. ಕಣ್ಣು ಇನ್ನೂ ಒದ್ದೆಯಿತ್ತು. ಪಂಚೆಯ ತುದಿಯಿಂದ ಒರೆಸಿಕೊಂಡರು.

"ದೇವ್ರು ದೊಡ್ಡವ್ನು ಮೇಡಂ, ಬದುಕಿದ್ರಲ್ಲ, ಅಷ್ಟೇ ಸಾಕು" ಎಂದರು. ಆಮೇಲೆ ಅತ್ತ ಇತ್ತ ನೋಡಿ, ಅಂಗಿಯ ತೋಳನ್ನು ಮೆಲ್ಲಗೆ ಮೇಲಕ್ಕೆ ಮಡಿಸಿ ಕೈಯನ್ನು ನನ್ನ ಮುಂದೆ ಚಾಚಿದರು.

"ನೀವು ಹೋಗ್ಬುಟ್ರಿ ಅಂತ ಕೇಳಿ ಕಾಫಿನೂ ಕುಡೀದೆ ಓಡಿ ಬಂದಿದ್ದೀನಿ. ಹೆಂಗೂ ಖಾಲಿ ಹೊಟ್ಟೆ. ಶುಗರ್‌ಗೆ ರಕ್ತ ಇಲ್ಲೇ ತಗೊಂಡ್ಬುಡ್ತೀರಾ?"